ಹಿರಿಯ ಚಾಲಕರ ಪರೀಕ್ಷೆ ಅಗೌರವವಲ್ಲ

2019ರ ಎಪ್ರಿಲ್ 19ರಂದು ಜಪಾನಿನ ರಾಜಧಾನಿ ಟೋಕಿಯೋದ ಇಕೆಬುಕುರೋ ಎಂಬಲ್ಲಿ 87 ವರ್ಷದ ವೃದ್ಧರೊಬ್ಬರು ಚಲಾಯಿಸುತ್ತಿದ್ದ ಕಾರು ನಿಯಂತ್ರಣ ತಪ್ಪಿ ಜನರ ಮೇಲೆ ಹರಿಯಿತು. ಸೈಕಲಿನಲ್ಲಿ ಸಾಗುತ್ತಿದ್ದ 31 ವರ್ಷದ ತಾಯಿ ಮತ್ತು ಆಕೆಯ 3 ವರ್ಷದ ಮಗಳು ಪ್ರಾಣ ಕಳಕೊಂಡರು. ಇನ್ನೂ ಹಲವರು ಗಾಯಗೊಂಡರು. ಸರಕಾರದ ಉನ್ನತ ಹುದ್ದೆಯಲ್ಲಿದ್ದು ನಿವೃತ್ತರಾಗಿದ್ದ ಆ ಚಾಲಕರು ದೋಷವೇನಿದ್ದರೂ ವಾಹನದ್ದೆಂದು ವಾದಿಸಿದರು. ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದುದೇ ದುರಂತಕ್ಕೆ ಕಾರಣವೆಂದು ನ್ಯಾಯಾಲಯವು ತೀರ್ಮಾನಿಸಿ, 2021ರ ಸೆಪ್ಟೆಂಬರಿನಲ್ಲಿ ಅವರಿಗೆ 5 ವರ್ಷಗಳ ಸೆರೆವಾಸ ವಿಧಿಸಿತು. ಆ ಘಟನೆಯು ಜಪಾನಿನ ಆತ್ಮಸಾಕ್ಷಿಯನ್ನು ಎಷ್ಟು ಕಲಕಿತೆಂದರೆ, 2019ರ ಒಂದೇ ವರ್ಷದಲ್ಲಿ ಅಲ್ಲಿ ಸುಮಾರು 6 ಲಕ್ಷ ಮಂದಿ ತಮ್ಮ ಲೈಸೆನ್ಸನ್ನು ಸ್ವಇಚ್ಛೆಯಿಂದ ಮರಳಿಸಿದರು. 75 ದಾಟಿದವರಿಗೆ ಲೈಸೆನ್ಸ್ ನವೀಕರಣದ ವೇಳೆ ನೆನಪು ಮತ್ತು ಗ್ರಹಣಶಕ್ತಿಯ ತಪಾಸಣೆ 2009ರಿಂದಲೇ ಅಲ್ಲಿ ಜಾರಿಯಲ್ಲಿತ್ತು. ಆ ವಯೋಮಾನದವರಲ್ಲಿ ಕೆಲವು ಬಗೆಯ ಸಂಚಾರ ಉಲ್ಲಂಘನೆ ಮಾಡಿದವರು ವಾಹನ ಚಲಾಯಿಸಿಯೂ ತೋರಿಸಬೇಕೆಂಬ ನಿಯಮವು 2022ರ ಮೇ ತಿಂಗಳಿನಿಂದ ಬಂತು.

ಅದೇ 2019ರ ಜನವರಿಯಲ್ಲಿ ಬ್ರಿಟನ್ನಿನ ರಾಣಿಯ ಪತಿ, 97 ವರ್ಷದ ಪ್ರಿನ್ಸ್ ಫಿಲಿಪ್ ಚಲಾಯಿಸುತ್ತಿದ್ದ ವಾಹನವು ಇನ್ನೊಂದು ಕಾರಿಗೆ ಢಿಕ್ಕಿಯಾಯಿತು. ಮರುತಿಂಗಳೇ ಅವರು ಲೈಸೆನ್ಸನ್ನು ತಾವಾಗಿ ಒಪ್ಪಿಸಿಬಿಟ್ಟರು. ಮನೆಯ ತುಂಬ ಚಾಲಕರಿರುವ ಅರಸು ಮನೆತನದ ಹಿರಿಯರಿಗೂ ಸ್ಟಿಯರಿಂಗ್ ಬಿಡಲು ಒಂದು ಅಪಘಾತವೇ ಬೇಕಾಯಿತೆಂದರೆ, ಬೇರೆ ದಾರಿಯೇ ಇಲ್ಲದ ಸಾಮಾನ್ಯ ವೃದ್ಧರ ಪಾಡೇನು?

ಇದು ಶ್ರೀಮಂತ ರಾಷ್ಟ್ರಗಳ ಸಮಸ್ಯೆ, ನಮಗೇಕೆ ಅದರ ಉಸಾಬರಿ ಎಂದು ಕೇಳುವವರಿರಬಹುದು. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರ ಸಂಖ್ಯೆ 10 ಕೋಟಿಗೂ ಅಧಿಕ. 2050ರ ವೇಳೆಗೆ ಪ್ರತಿ ಐವರಲ್ಲಿ ಒಬ್ಬರು ಈ ವಯಸ್ಸಿನವರಾಗಿರುತ್ತಾರೆಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯು 2023ರ ವರದಿಯಲ್ಲಿ ಅಂದಾಜಿಸಿದೆ. ಸ್ಕೂಟರ್ ಮತ್ತು ಕಾರು ಮನೆಮನೆಗೆ ಬಂದ ಕಾಲದ ತಲೆಮಾರು ಈಗ ವೃದ್ಧಾಪ್ಯಕ್ಕೆ ಕಾಲಿಡುತ್ತಿದೆ. ನಮ್ಮ ಪಟ್ಟಣಗಳನ್ನೇ ನೋಡಿ. ಮಕ್ಕಳು ದುಬೈಯಲ್ಲೋ ದಮ್ಮಾಮ್‌ನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಮನೆಯಲ್ಲಿ ಉಳಿದಿರುವುದು ವಯಸ್ಸಾದ ತಂದೆ-ತಾಯಿ. ಬ್ಯಾಂಕಿಗೆ, ಆಸ್ಪತ್ರೆಗೆ, ಮೊಮ್ಮಕ್ಕಳ ಶಾಲೆಗೆ, ಮೀನಿನ ಮಾರುಕಟ್ಟೆಗೆ ಹೋಗಬೇಕಾದವರು ಅದೇ ತಂದೆ. ಬೆಳಕು ಹರಿಯುವ ಮುನ್ನ ಫಜ್ರ್ ನಮಾಝ್‌ಗೆ ಸ್ಕೂಟರಿನಲ್ಲಿ ಹೊರಡುವವರೂ ಅವರೇ. ಕಣ್ಣಿನಲ್ಲಿ ಪೊರೆ ಬೆಳೆಯುತ್ತಿರುವುದು, ಎದುರು ವಾಹನದ ದೀಪ ಕಣ್ಣಿಗೆ ಬಿದ್ದಾಗ ಕೆಲವು ಕ್ಷಣ ಏನೂ ಕಾಣಿಸದಿರುವುದು ಅವರಿಗೆ ಮಾತ್ರ ಗೊತ್ತು. ಅವರು ಅದನ್ನು ಯಾರಿಗೂ ಹೇಳುವುದಿಲ್ಲ.

ಕಾನೂನು ಏನನ್ನುತ್ತದೆ? 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, 55 ದಾಟಿದವರಿಗೆ ಖಾಸಗಿ ವಾಹನದ ಲೈಸೆನ್ಸನ್ನು 5 ವರ್ಷಗಳಿಗೆ ಮಾತ್ರ ನೀಡಲಾಗುತ್ತದೆ ಅಥವಾ ನವೀಕರಿಸಲಾಗುತ್ತದೆ. 40 ದಾಟಿದವರು ನವೀಕರಣದ ಅರ್ಜಿಯೊಂದಿಗೆ ನೋಂದಾಯಿತ ವೈದ್ಯರು ನೀಡಿದ ‘ನಮೂನೆ 1ಎ’ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟನ್ನು ಓದಬಲ್ಲರೇ, ಕೆಂಪು-ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯುತ್ತದೆಯೇ, ಇರುಳುಗುರುಡು ಇದೆಯೇ, ಶಬ್ದ ಸೂಚನೆಗಳು ಕೇಳಿಸುತ್ತವೆಯೇ ಎಂಬ ಪ್ರಶ್ನೆಗಳಿಗೆ ವೈದ್ಯರು ಅದರಲ್ಲಿ ಉತ್ತರಿಸಬೇಕು. ಕಾಯಿಲೆ ಅಥವಾ ದೌರ್ಬಲ್ಯದಿಂದ ಒಬ್ಬರು ಚಾಲನೆಗೆ ಅನರ್ಹರಾಗಿದ್ದಾರೆಂದು ನಂಬಲು ಸಕಾರಣಗಳಿದ್ದರೆ, ಲೈಸೆನ್ಸನ್ನು ಯಾವುದೇ ಸಮಯದಲ್ಲಿ ರದ್ದುಪಡಿಸುವ ಅಧಿಕಾರವೂ ಕಾಯ್ದೆಯ 16ನೇ ಕಲಮಿನಲ್ಲಿದೆ. ಆದರೆ ಸಕಾಲದಲ್ಲಿ ನವೀಕರಿಸುವವರು ಮತ್ತೊಮ್ಮೆ ವಾಹನ ಚಲಾಯಿಸಿ ತೋರಿಸಬೇಕಾಗಿಲ್ಲ. ಲೈಸೆನ್ಸಿನ ಅವಧಿ ಮುಗಿದು ಒಂದು ವರ್ಷ ಕಳೆದರೆ ಮಾತ್ರ ಆ ಪರೀಕ್ಷೆ. ಅಂದರೆ 25ರ ವಯಸ್ಸಿನಲ್ಲಿ ಮೈದಾನದಲ್ಲಿ ಎಂಟು ಹಾಕಿ ತೋರಿಸಿದವರು ಒಂದು ಕಾಗದದ ಬಲದಿಂದ 85ರ ವರೆಗೂ ಮತ್ತಾವ ಪರೀಕ್ಷೆಗೂ ಒಳಗಾಗದೆ ಚಾಲಕರಾಗಿ ಮುಂದುವರಿಯಬಹುದು.

ಆ ಕಾಗದದ ಮೌಲ್ಯವಾದರೂ ಎಷ್ಟು? ಅರ್ಜಿದಾರರ ಕಣ್ಣನ್ನು ನೋಡದೆಯೇ ಸಹಿ ಬೀಳುವ, ಮಧ್ಯವರ್ತಿಯ ಕೈಯಿಂದ ಕೈಗೆ ದಾಟಿಬರುವ ಪ್ರಮಾಣಪತ್ರಗಳ ಕಥೆ ಯಾರಿಗೂ ಹೊಸತಲ್ಲ. ದೇಶದ ಲೈಸೆನ್ಸುಗಳಲ್ಲಿ ಶೇ. 30ರಷ್ಟು ಬೋಗಸ್ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರೇ 2019ರಲ್ಲಿ ಲೋಕಸಭೆಯಲ್ಲಿ ಹೇಳಿದ್ದರು. ಹೊಸ ಪರೀಕ್ಷೆಯ ಕುರಿತು ಮಾತಾಡುವ ಮೊದಲು, ಈಗಿರುವ ಪರೀಕ್ಷೆಯನ್ನು ಪ್ರಾಮಾಣಿಕವಾಗಿ ನಡೆಸುವ ಬಗ್ಗೆ ಸರಕಾರ ಉತ್ತರಿಸಬೇಕಾಗಿದೆ. ನೋಡದ ಕಣ್ಣನ್ನು ನೋಡಿದೆನೆಂದು ಬರೆಯುವ ವೈದ್ಯ ಮತ್ತು ಅದನ್ನು ಹಣ ಕೊಟ್ಟು ಬರೆಯಿಸಿಕೊಳ್ಳುವ ಅರ್ಜಿದಾರ ಇಬ್ಬರೂ ಸುಳ್ಳು ಸಾಕ್ಷ್ಯದಲ್ಲಿ ಪಾಲುದಾರರು. ಸುಳ್ಳು ಸಾಕ್ಷ್ಯವನ್ನು ಪ್ರವಾದಿ(ಸ)ರು ಮಹಾಪಾಪಗಳ ಸಾಲಿನಲ್ಲಿಟ್ಟು ಎಚ್ಚರಿಸಿದ್ದಾರೆಂಬುದು ನಮಗೆ ತಿಳಿಯದ ವಿಷಯವಲ್ಲ.

ಹಾಗೆಂದು ರಸ್ತೆಯ ಎಲ್ಲ ಸಾವುಗಳ ಹೊರೆಯನ್ನು ವೃದ್ಧರ ತಲೆಗೆ ಕಟ್ಟುವುದು ಘೋರ ಅನ್ಯಾಯವಾದೀತು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. 2023ರಲ್ಲಿ ಈ ಸಂಖ್ಯೆ 1.72 ಲಕ್ಷವನ್ನು ದಾಟಿತು. 2022ರ ಸರಕಾರಿ ವರದಿಯ ಪ್ರಕಾರ ಶೇ. 70ಕ್ಕೂ ಅಧಿಕ ಸಾವುಗಳಿಗೆ ಕಾರಣ ಅತಿವೇಗ. ಸತ್ತವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ 18ರಿಂದ 45ರೊಳಗಿನವರು. ಅತಿವೇಗವು ವೃದ್ಧರ ಚಟವಲ್ಲ. ವೃದ್ಧರು ಎಡವುವುದು ಬೇರೆ ಕಡೆ: ಎದುರಿನಿಂದ ಬರುವ ವಾಹನದ ವೇಗವನ್ನು ಅಂದಾಜಿಸುವಲ್ಲಿ, ಬಲಕ್ಕೆ ತಿರುಗುವ ವೃತ್ತದಲ್ಲಿ, ಮಬ್ಬುಗತ್ತಲಲ್ಲಿ, ಏಕಕಾಲಕ್ಕೆ ಹಲವು ಕಡೆ ಗಮನಿಸಬೇಕಾದ ಜನನಿಬಿಡ ರಸ್ತೆಯಲ್ಲಿ. ಯುವಕನೊಬ್ಬ ಎದ್ದು ಮೈ ಕೊಡವಿಕೊಂಡು ಹೋಗುವಂತಹ ಬೀಳುವಿಕೆಯೇ ವೃದ್ಧರ ಮೂಳೆ ಮುರಿದು ಪ್ರಾಣಕ್ಕೆ ಎರವಾಗುತ್ತದೆ. ಆದ್ದರಿಂದ ಪರೀಕ್ಷೆಯಿಂದ ಮೊದಲು ರಕ್ಷಣೆ ಪಡೆಯುವವರು ಅವರೇ.

ಡೆನ್ಮಾರ್ಕಿನ ಅನುಭವದಿಂದಲೂ ನಾವು ಪಾಠ ಕಲಿಯಬೇಕಾಗಿದೆ. ಅಲ್ಲಿ 2006ರಲ್ಲಿ ಹಿರಿಯ ಚಾಲಕರಿಗೆ ಗ್ರಹಣಶಕ್ತಿಯ ತಪಾಸಣೆಯನ್ನು ಕಡ್ಡಾಯಗೊಳಿಸಲಾಯಿತು. ಅದರಿಂದ ಹಿರಿಯ ಚಾಲಕರ ಅಪಘಾತ ಸಾವುಗಳು ಇಳಿಯಲಿಲ್ಲ. ಬದಲಾಗಿ, ಕಾಲ್ನಡಿಗೆ ಮತ್ತು ಸೈಕಲನ್ನು ಆಶ್ರಯಿಸಿದ ಹಿರಿಯರ ಸಾವುಗಳು ಹೆಚ್ಚಿದವೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿತು. ಕಾರಿನಿಂದ ಇಳಿಸಿದ ವೃದ್ಧರನ್ನು ಸುರಕ್ಷಿತವಾಗಿ ಮುಟ್ಟಿಸುವ ಬೇರೆ ವ್ಯವಸ್ಥೆಯಿಲ್ಲದಿದ್ದರೆ, ಅಪಾಯವು ಒಂದು ರಸ್ತೆಬಳಕೆದಾರನಿಂದ ಇನ್ನೊಬ್ಬನಿಗೆ ವರ್ಗಾವಣೆಗೊಳ್ಳುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಡೆನ್ಮಾರ್ಕಿನಲ್ಲೇ ಹೀಗಾದರೆ, ಫುಟ್‌ಪಾತ್ ಎಂಬುದು ಅಂಗಡಿಗಳ ಜಗಲಿಯಾಗಿಯೋ ತೆರೆದ ಚರಂಡಿಯಾಗಿಯೋ ಇರುವ ನಮ್ಮ ಊರುಗಳಲ್ಲಿ ಏನಾದೀತು? 2022ರಲ್ಲಿ ನಮ್ಮಲ್ಲಿ ಸತ್ತ ಪಾದಚಾರಿಗಳ ಸಂಖ್ಯೆಯೇ 32 ಸಾವಿರಕ್ಕೂ ಹೆಚ್ಚು.

ಹಾಗಾದರೆ ಮಾರ್ಗ ಯಾವುದು? ವಯಸ್ಸು ಪರೀಕ್ಷೆಗೆ ಒಂದು ಸಂದರ್ಭವಾಗಬಹುದು, ತೀರ್ಪು ಆಗಕೂಡದು ಎಂಬುದು ನಮ್ಮ ನಿಲುವು. ಈ ತತ್ವವು ನಮಗೆ ಹೊಸತೂ ಅಲ್ಲ. ಇಸ್ಲಾಮೀ ಶರೀಅತ್ ಮನುಷ್ಯನ ಹೊಣೆಗಾರಿಕೆಯನ್ನು ಅಳೆಯುವುದು ಸಾಮರ್ಥ್ಯದಿಂದ. ನಿಂತು ನಮಾಝ್ ಮಾಡಲಾಗದವರು ಕುಳಿತು ಮಾಡುತ್ತಾರೆ. ಉಪವಾಸ ಹಿಡಿಯಲಾಗದ ವೃದ್ಧರು ಬಡವರಿಗೆ ಉಣಿಸುತ್ತಾರೆ. ಹಜ್ಜ್ ಕಡ್ಡಾಯವಾಗುವುದು ಸಾಮರ್ಥ್ಯವಿದ್ದವರಿಗೆ. ಅಂಧರು, ಕುಂಟರು ಮತ್ತು ರೋಗಿಗಳ ಮೇಲೆ ದೋಷವಿಲ್ಲವೆಂದು ಕುರ್‌ಆನ್ ಸ್ಪಷ್ಟವಾಗಿ ಸಾರಿದೆ. ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುವ ಹಿರಿಯರನ್ನು ಕಂಡು ಯಾರೂ ಅವರು ಅವಮಾನಿತರಾದರೆಂದು ಭಾವಿಸುವುದಿಲ್ಲ. ಅಲ್ಲಾಹನ ಮುಂದೆ ಸಂಕೋಚವಿಲ್ಲದೆ ಒಪ್ಪಿಕೊಳ್ಳುವ ದೌರ್ಬಲ್ಯವನ್ನು ಆರ್‌ಟಿಓ ಕಚೇರಿಯ ಮುಂದೆ ಒಪ್ಪಿಕೊಳ್ಳಲು ಏಕೆ ಸಂಕೋಚ?

ಈ ವಿಷಯದಲ್ಲಿ ಹದೀಸ್ ವಿದ್ವಾಂಸರ ಪರಂಪರೆಯು ನಮಗೆ ಅತ್ಯುತ್ತಮ ಮಾದರಿಯನ್ನು ಒದಗಿಸುತ್ತದೆ. ಪ್ರವಾದಿ(ಸ)ರ ವಚನಗಳನ್ನು ವರದಿ ಮಾಡುವವರ ಸತ್ಯಸಂಧತೆಯನ್ನಷ್ಟೇ ಅವರು ಪರಿಶೀಲಿಸಲಿಲ್ಲ, ನೆನಪಿನ ಶಕ್ತಿಯನ್ನೂ ಪರಿಶೀಲಿಸಿದರು. ವೃದ್ಧಾಪ್ಯದಲ್ಲಿ ನೆನಪು ಕಲಸಿಹೋಗುವುದನ್ನು ‘ಇಖ್ತಿಲಾತ್’ ಎಂದು ಕರೆದು, ಯಾರಿಗೆ ಯಾವಾಗಿನಿಂದ ಹಾಗಾಯಿತೆಂಬುದನ್ನು ನಿರ್ದಾಕ್ಷಿಣ್ಯವಾಗಿ ದಾಖಲಿಸಿದರು. ಅತಾ ಇಬ್ನುಸ್ಸಾಇಬ್‌ರಂತಹ ಗೌರವಾನ್ವಿತ ವರದಿಗಾರರ ವಿಷಯದಲ್ಲೂ, ಅದಕ್ಕೆ ಮುಂಚೆ ಅವರಿಂದ ಕೇಳಿದವರ ವರದಿಯನ್ನು ಸ್ವೀಕರಿಸಿ, ನಂತರ ಕೇಳಿದವರ ವರದಿಯನ್ನು ಬದಿಗಿಟ್ಟರು. ಇದರಿಂದ ಅವರ ಗೌರವಕ್ಕೆ ಕುಂದು ಬರಲಿಲ್ಲ. ಬಸ್ರಾದ ಜರೀರ್ ಇಬ್ನ್ ಹಾಝಿಮ್‌ರ ಪ್ರಸಂಗವಂತೂ ಪ್ರತಿ ಮನೆಯಲ್ಲೂ ಚರ್ಚೆಯಾಗಬೇಕಾದದ್ದು. ತಂದೆಯ ನೆನಪು ಕೈಕೊಡುತ್ತಿರುವುದನ್ನು ಅರಿತ ಅವರ ಮಕ್ಕಳು - ಅವರೂ ಹದೀಸ್ ಬಲ್ಲವರೇ - ತಂದೆಯು ವರದಿ ಮಾಡುವುದನ್ನು ತಡೆದರು. ಆ ಸ್ಥಿತಿಯಲ್ಲಿ ಅವರಿಂದ ಯಾರೂ ಏನನ್ನೂ ಕೇಳಲಿಲ್ಲ. ಪರಿಣಾಮವಾಗಿ, ಜರೀರ್‌ರ ವರದಿಗಳಿಗೆ ಆ ಕಾರಣದಿಂದ ಕಳಂಕ ತಟ್ಟಲಿಲ್ಲ. ತಂದೆಯನ್ನು ತಡೆಯುವ ಮೂಲಕವೇ ಮಕ್ಕಳು ತಂದೆಯ ಬದುಕಿನ ದುಡಿಮೆಯನ್ನು ಕಾಪಾಡಿದರು. ಹೆತ್ತವರ ಮುಂದೆ ‘ಛೆ’ ಎಂಬ ಉದ್ಗಾರವನ್ನೂ ತೆಗೆಯಬಾರದೆಂಬ ಕುರ್‌ಆನಿನ ಆದೇಶವನ್ನು ಬಲ್ಲ ಮಕ್ಕಳೇ ಹಾಗೆ ಮಾಡಿದರೆಂಬುದನ್ನು ನಾವು ಗಮನಿಸಬೇಕು.

ಒಂದು ಜೀವಕ್ಕೆ ಇಸ್ಲಾಮ್ ನೀಡಿದ ಬೆಲೆಯನ್ನೂ ಇಲ್ಲಿ ಸ್ಮರಿಸಬೇಕಾಗಿದೆ. ಉದ್ದೇಶವಿಲ್ಲದೆ ನಡೆದುಹೋದ ಹತ್ಯೆಗೂ ಕುರ್‌ಆನ್ ರಕ್ತಪರಿಹಾರವನ್ನೂ ಪ್ರಾಯಶ್ಚಿತ್ತವನ್ನೂ ವಿಧಿಸಿದೆ. ಗುಲಾಮ ವಿಮೋಚನೆಗೆ ದಾರಿಯಿಲ್ಲದವರು ಎರಡು ತಿಂಗಳು ಸತತ ಉಪವಾಸ ಆಚರಿಸಬೇಕು. ‘ಅಲ್ಲಾಹನ ವಿಧಿ, ನಾನೇನು ಮಾಡಲಿ’ ಎಂದು ಕೈ ತೊಳೆದುಕೊಳ್ಳಲು ಅಲ್ಲಿ ಅವಕಾಶವಿಲ್ಲ. ಇಂತಹ ಪ್ರಮಾದದ ಹತ್ಯೆಯಲ್ಲಿ ರಕ್ತಪರಿಹಾರದ ಹೊರೆಯನ್ನು ಫಿಕ್‌ಹ್ ಹೊರಿಸಿರುವುದು ಆತನ ತಂದೆಯ ಕಡೆಯ ಬಂಧುಗಳ ಮೇಲೆ. ಕುಟುಂಬದ ಒಬ್ಬ ಸದಸ್ಯನ ಪ್ರಮಾದಕ್ಕೆ ಇಡೀ ಕುಟುಂಬವು ಬೆಲೆ ತೆರಬೇಕೆಂದಾದರೆ, ಪ್ರಮಾದ ನಡೆಯದಂತೆ ನೋಡಿಕೊಳ್ಳುವ ಹೊಣೆಯೂ ಕುಟುಂಬದ್ದೇ ಅಲ್ಲವೇ? ಶರೀಅತ್‌ಗೆ ವಿರುದ್ಧವಲ್ಲದ ಸಂಚಾರ ನಿಯಮಗಳನ್ನು ಪಾಲಿಸುವುದು ಕಡ್ಡಾಯವೆಂದು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು 1993ರಲ್ಲಿ ಬ್ರೂನೈಯಲ್ಲಿ ನಡೆದ ಅಧಿವೇಶನದಲ್ಲಿ ನಿರ್ಣಯಿಸಿದೆ. ದಾರಿಯಲ್ಲಿ ಬಿದ್ದ ಮುಳ್ಳನ್ನು ತೆಗೆಯುವುದನ್ನೂ ಈಮಾನಿನ ಭಾಗವೆಂದು ನಂಬಿದ ಸಮುದಾಯವು, ತನ್ನ ಮನೆಯಂಗಳದಿಂದಲೇ ರಸ್ತೆಗಿಳಿಯುವ ಅಪಾಯದ ಬಗ್ಗೆ ಕಣ್ಣು ಮುಚ್ಚಿ ಕೂರಬಹುದೇ?

ಗಲ್ಫ್‌ನಲ್ಲಿರುವ ನಮ್ಮ ಯುವಕರು ಒಂದು ವಿಷಯವನ್ನು ಆಲೋಚಿಸಬೇಕು. ಯುಎಇಯಲ್ಲಿ ಲೈಸೆನ್ಸ್ ನವೀಕರಿಸುವಾಗ ಅವರು ಕಣ್ಣಿನ ಪರೀಕ್ಷೆಗೆ ಒಳಗಾಗುತ್ತಾರೆ. 30ರ ಯುವಕನೂ ಅದನ್ನು ಅವಮಾನವೆಂದು ಭಾವಿಸುವುದಿಲ್ಲ. ಅದೇ ಯುವಕ ಊರಿನಲ್ಲಿರುವ 72ರ ತಂದೆಯ ಲೈಸೆನ್ಸನ್ನು ಪರಿಚಯದವರ ಮೂಲಕ ‘ಮಾಡಿಸಿಕೊಡುವ’ ವ್ಯವಸ್ಥೆ ಮಾಡುತ್ತಾನೆ. ಊರಿನಲ್ಲಿ ತಂದೆಗೊಂದು ಕಾರು ಕೊಡಿಸಿದ್ದೇ ಸೇವೆಯಾಯಿತೆಂದು ನೆಮ್ಮದಿಪಡುತ್ತಾನೆ. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ತಂದೆಯ ಪಕ್ಕದ ಸೀಟಿನಲ್ಲಿ ಅರ್ಧ ಗಂಟೆ ಕುಳಿತು ನೋಡುವ ವ್ಯವಧಾನ ಎಷ್ಟು ಮಕ್ಕಳಿಗಿದೆ? ಬಂಪರಿನ ಹೊಸ ಗೀರುಗಳು, ಪರಿಚಿತ ರಸ್ತೆಯಲ್ಲೇ ದಾರಿ ತಪ್ಪುವುದು, ಸಿಗ್ನಲ್ ಗಮನಕ್ಕೆ ಬಾರದಿರುವುದು, ಹಿಂದಿನಿಂದ ಬರುವ ಹಾರ್ನ್ ಕೇಳಿಸದಿರುವುದು ಇವೆಲ್ಲ ಯಾವ ವೈದ್ಯರಿಗಿಂತಲೂ ಮೊದಲು ಮನೆಯವರಿಗೆ ಸಿಗುವ ಸೂಚನೆಗಳು. ಮಧುಮೇಹದ ಔಷಧಿ ಸೇವಿಸಿ ಊಟ ತಡವಾದಾಗ ಸಕ್ಕರೆಯಂಶ ಥಟ್ಟನೆ ಕುಸಿದು ಕಣ್ಣು ಕತ್ತಲೆ ಬರಬಹುದು. ಶೀತ-ಅಲರ್ಜಿಯ ಕೆಲವು ಮಾತ್ರೆಗಳೂ ನಿದ್ದೆಯ ಮಾತ್ರೆಗಳೂ ಮಂಪರು ತರಿಸುತ್ತವೆ. ಈ ಬಗ್ಗೆ ವೈದ್ಯರಲ್ಲಿ ಕೇಳುವುದು ಮಕ್ಕಳ ಕರ್ತವ್ಯ. ಪೊರೆಯ ಶಸ್ತ್ರಚಿಕಿತ್ಸೆಯಿಂದ ಅಥವಾ ಕನ್ನಡಕ ಬದಲಿಸುವುದರಿಂದ ಸರಿಯಾಗುವ ತೊಂದರೆಗಾಗಿ ಯಾರೂ ಕೀಲಿಕೈ ಕಿತ್ತುಕೊಳ್ಳಬೇಕಾಗಿಲ್ಲ. ಸರಿಯಾಗದ ತೊಂದರೆಯಾದರೆ, ನಾಲ್ಕು ಜನರ ಮುಂದೆ ಗದರಿಸದೆ ಏಕಾಂತದಲ್ಲಿ, ಬೇಕಿದ್ದರೆ ಅವರ ಮಾತಿಗೆ ಬೆಲೆ ಕೊಡುವ ಗೆಳೆಯರ ಮೂಲಕ ಹೇಳಿಸಬೇಕು. ಕೀಲಿಕೈ ಪಡೆದ ಬಳಿಕ ‘ಎಲ್ಲಿಗೆ ಹೋಗಬೇಕು, ಬಾಪಾ?’ ಎಂದು ದಿನವೂ ಕೇಳುವ ಒಬ್ಬರು ಮನೆಯಲ್ಲಿರಬೇಕು. ಇಲ್ಲವಾದರೆ ನಾವು ಕಿತ್ತುಕೊಂಡಿರುವುದು ಕೀಲಿಕೈಯನ್ನಷ್ಟೇ ಅಲ್ಲ, ಅವರ ಮಸೀದಿಯನ್ನು, ಗೆಳೆತನವನ್ನು, ಸಂಜೆಯ ಚಹಾವನ್ನು ಕೂಡಾ.

ಇದೇ ವೇಳೆ, ತಂದೆಯ ಕೈಯಿಂದ ಕೀಲಿಕೈ ತೆಗೆದು 15 ವರ್ಷದ ಮಗನ ಕೈಗೆ ಕೊಡುವ ಕುಟುಂಬಗಳಿಗೆ ಏನೆನ್ನೋಣ? ಅಪ್ರಾಪ್ತ ವಯಸ್ಕನು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲಕರಿಗೆ 3 ವರ್ಷಗಳ ವರೆಗೆ ಸಜೆ ಮತ್ತು 25 ಸಾವಿರ ರೂಪಾಯಿ ದಂಡವನ್ನು 2019ರ ತಿದ್ದುಪಡಿಯು ವಿಧಿಸಿದೆ. ಹಿರಿಯರಿಗೆ ಪರೀಕ್ಷೆ ಬೇಕೆನ್ನುವವರು ಮೊದಲು ಕಿರಿಯರ ವಿಷಯದಲ್ಲಿ ಆ ಕಾನೂನನ್ನು ಪಾಲಿಸಿ ತೋರಿಸಲಿ. ಆಗ ಮಾತ್ರ ಅವರ ಮಾತಿಗೆ ನೈತಿಕ ಬಲವಿರುತ್ತದೆ.

ಇನ್ನೊಂದು ವರ್ಗವನ್ನು ಈ ಚರ್ಚೆಯಲ್ಲಿ ಎಲ್ಲರೂ ಮರೆಯುತ್ತಾರೆ. ಆಟೋ, ಟೆಂಪೋ ಅಥವಾ ಲಾರಿಯ ಸ್ಟಿಯರಿಂಗೇ ಅನ್ನವಾಗಿರುವ ವೃದ್ಧರು. ಇತರ ಸಮುದಾಯಗಳಿಗೆ ಹೋಲಿಸಿದರೆ ಮುಸ್ಲಿಮರಲ್ಲಿ ಸಂಬಳದ ಉದ್ಯೋಗ ಕಡಿಮೆ, ಸ್ವಂತ ದುಡಿಮೆಯನ್ನು ನೆಚ್ಚಿಕೊಂಡವರು ಹೆಚ್ಚು ಎಂದು 2006ರ ಸಾಚಾರ್ ವರದಿಯು ಬೆಟ್ಟುಮಾಡಿತ್ತು. ನಿವೃತ್ತಿ, ಪಿಂಚಣಿ, ಗ್ರ್ಯಾಚುವಿಟಿ ಎಂಬ ಪದಗಳು ಅವರ ಬದುಕಿನಲ್ಲಿಲ್ಲ. 68ರ ಆಟೋ ಚಾಲಕನೊಬ್ಬ ಮಬ್ಬುಗಣ್ಣಿನಲ್ಲೂ ರಸ್ತೆಗಿಳಿಯುವುದು ಹಠದಿಂದಲ್ಲ, ಹಸಿವಿನಿಂದ. ಅವರ ಲೈಸೆನ್ಸನ್ನು ರದ್ದುಪಡಿಸಿ ಮನೆಗೆ ಕಳುಹಿಸುವ ಕಾನೂನು, ಆ ಮನೆಯ ಒಲೆಯ ಬಗ್ಗೆಯೂ ಯೋಚಿಸಬೇಕಾಗುತ್ತದೆ. ಭಿಕ್ಷೆ ಬೇಡುತ್ತಿದ್ದ ವೃದ್ಧ ಯಹೂದಿಯೊಬ್ಬನನ್ನು ಕಂಡು, ಯೌವನದಲ್ಲಿ ದುಡಿಸಿಕೊಂಡು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದು ಬೈತುಲ್‌ಮಾಲ್‌ನಿಂದ ನೆರವು ಗೊತ್ತುಪಡಿಸಿದ ಖಲೀಫ ಉಮರ್(ರ)ರ ಮಾದರಿ ಆಡಳಿತಗಾರರಿಗೂ ನಮ್ಮ ಜಮಾಅತ್‌ಗಳಿಗೂ ಪಾಠವಾಗಬೇಕು.

ಸರಕಾರವು ಹಿರಿಯರನ್ನು ನಡೆಸಿಕೊಂಡ ರೀತಿಯಾದರೂ ಹೇಗಿದೆ? ರೈಲು ಪ್ರಯಾಣದಲ್ಲಿ ಪುರುಷರಿಗೆ ಶೇ. 40 ಮತ್ತು ಮಹಿಳೆಯರಿಗೆ ಶೇ. 50ರಷ್ಟಿದ್ದ ಹಿರಿಯ ನಾಗರಿಕರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಕೊರೋನಾದ ಹೆಸರಿನಲ್ಲಿ ನಿಲ್ಲಿಸಲಾಯಿತು. ಕೊರೋನಾ ಸರಿದ ಬಳಿಕವೂ ಅದಕ್ಕಾಗಿ ಸಂಸತ್ತಿನಲ್ಲಿ ಮತ್ತೆ ಮತ್ತೆ ಪ್ರಶ್ನೆ ಕೇಳಬೇಕಾಯಿತು. ಕರ್ನಾಟಕವು 2023ರ ಜೂನ್‌ನಲ್ಲಿ ಮಹಿಳೆಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಜಾರಿಗೊಳಿಸಿದಾಗ ಅದು ವೃದ್ಧ ತಾಯಂದಿರಿಗೆ ದೊಡ್ಡ ಆಸರೆಯಾಯಿತು. ಆದರೆ ಬಸ್ಸೇ ಬಾರದ ಬಡಾವಣೆಗೆ, ಮೊಣಕಾಲು ನೋವಿನವರಿಗೆ ಹತ್ತಲಾಗದ ಮೆಟ್ಟಿಲಿಗೆ ಉಚಿತ ಟಿಕೇಟು ಪರಿಹಾರವಾಗದು. ವಾಹನ ಬಿಡಿ ಎಂದು ಹೇಳುವ ಹಕ್ಕು ಸರಕಾರಕ್ಕೆ ದಕ್ಕುವುದು, ನಡೆಯಲು ಫುಟ್‌ಪಾತನ್ನೂ ಏರಲು ಬಸ್ಸನ್ನೂ ಕೊಟ್ಟ ಮೇಲೆ.

ಆದ್ದರಿಂದ ಸರಕಾರದ ಮುಂದೆ ನಾವಿಡುವ ಬೇಡಿಕೆಗಳು ಇಷ್ಟು. ನಮೂನೆ 1ಎಯ ತಪಾಸಣೆಯು ಸರಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಉಚಿತವಾಗಿ ಮತ್ತು ನಿಜವಾಗಿ ನಡೆಯಲಿ. ಸುಳ್ಳು ಪ್ರಮಾಣಪತ್ರ ನೀಡಿದವರು ಶಿಕ್ಷೆಗೆ ಗುರಿಯಾಗಲಿ. 70 ದಾಟಿದವರಿಗೆ 5 ವರ್ಷಗಳ ಬದಲು 3 ವರ್ಷಕ್ಕೊಮ್ಮೆ ಕಣ್ಣು ಮತ್ತು ಕಿವಿಯ ತಪಾಸಣೆಯಿರಲಿ. ಅದರಲ್ಲಿ ಸಂಶಯ ಮೂಡಿದರೆ ಮಾತ್ರ ಅವರಿಗೆ ಪರಿಚಿತವಾದ ರಸ್ತೆಯಲ್ಲೇ ಚಾಲನೆಯ ಪರೀಕ್ಷೆಯಾಗಲಿ. ಅನುತ್ತೀರ್ಣರಾದವರಿಗೆ ಚಿಕಿತ್ಸೆ ಪಡೆದು ಮರಳಿ ಬರಲು ಅವಕಾಶವಿರಲಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 85 ದಾಟಿದವರು ಎರಡು ವರ್ಷಕ್ಕೊಮ್ಮೆ ರಸ್ತೆಯ ಪರೀಕ್ಷೆಗೆ ಹಾಜರಾಗಬೇಕು ಅಥವಾ ತಮ್ಮ ಊರಿನ ಸುತ್ತಮುತ್ತಲಿಗಷ್ಟೇ ಸೀಮಿತವಾದ ಲೈಸೆನ್ಸನ್ನು ಆರಿಸಿಕೊಳ್ಳಬಹುದು. ‘ಹಗಲಲ್ಲಿ ಮಾತ್ರ’, ‘ಹೆದ್ದಾರಿ ಹೊರತು’ ಎಂಬಂತಹ ಷರತ್ತುಬದ್ಧ ಲೈಸೆನ್ಸು ನಮ್ಮಲ್ಲೂ ಏಕಾಗಬಾರದು? ಪೂರ್ಣ ಅನುಮತಿ ಮತ್ತು ಪೂರ್ಣ ನಿಷೇಧದ ನಡುವೆ ಘನತೆಯ ಮಧ್ಯಮ ಮಾರ್ಗವೊಂದಿದೆ.

ಸರಕಾರ ಕಣ್ತೆರೆಯುವ ವರೆಗೆ ಕಾಯಬೇಕಾದ ಅಗತ್ಯ ನಮಗಿಲ್ಲ. ಪ್ರತಿ ಮೊಹಲ್ಲಾದಲ್ಲಿ ಮಸೀದಿ ಇದೆ, ಜಮಾಅತ್ ಇದೆ, ಯುವಕರ ಸಂಘಟನೆಗಳಿವೆ. ವರ್ಷಕ್ಕೊಮ್ಮೆ ಮಸೀದಿಯ ಆವರಣದಲ್ಲಿ ಸರ್ವಧರ್ಮೀಯರಿಗೂ ತೆರೆದ ಕಣ್ಣಿನ ತಪಾಸಣಾ ಶಿಬಿರ ನಡೆಸುವುದು ಕಷ್ಟವೇನಲ್ಲ. ಜುಮಾ ಮತ್ತು ಫಜ್ರ್‌ಗೆ ಬರುವ ಹಿರಿಯರನ್ನು ಸರದಿಯಂತೆ ಕರೆತಂದು ಮರಳಿ ಬಿಡುವ ಹೊಣೆಯನ್ನು ಹತ್ತು ಯುವಕರು ವಹಿಸಿಕೊಂಡರೆ ಸಾಕು. ದೃಷ್ಟಿ ಮಂದವಾದ ಬಡ ಚಾಲಕರಿಗೆ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಲು, ಚಾಲನೆ ಬಿಡಬೇಕಾದವರಿಗೆ ಕೂತು ಮಾಡುವ ಒಂದು ಸಣ್ಣ ವ್ಯಾಪಾರ ಹಾಕಿಕೊಡಲು ಝಕಾತ್‌ನ ಸಾಮೂಹಿಕ ನಿಧಿ ನೆರವಾಗಬೇಕು. ಖತೀಬರು ಒಂದು ಜುಮಾದ ಖುತ್ಬಾವನ್ನು ರಸ್ತೆಯ ಹೊಣೆಗಾರಿಕೆಗೆ ಮೀಸಲಿಡಲಿ.

ನಮ್ಮ ಹಿರಿಯರಲ್ಲೂ ಒಂದು ವಿನಂತಿ. ನಿಮ್ಮನ್ನು ಹೊರೆಯೆಂದು ಭಾವಿಸಿ ಯಾರೂ ಇದನ್ನು ಹೇಳುತ್ತಿಲ್ಲ. ನಾಲ್ಕು ದಶಕಗಳ ಕಾಲ ಒಂದು ಜೀವಕ್ಕೂ ಹಾನಿಯಾಗದಂತೆ ವಾಹನ ಚಲಾಯಿಸಿದ ನಿಮ್ಮ ದಾಖಲೆಯು ದೊಡ್ಡ ಅಮಾನತ್. ಕೊನೆಯ ದಿನಗಳ ಒಂದು ಕ್ಷಣದ ಪ್ರಮಾದದಿಂದ ಅದು ಕಳೆದುಹೋಗದಿರಲಿ. ರಸ್ತೆ ದಾಟುತ್ತಿರುವ ಮಗು ಯಾರದೇ ಆಗಿರಲಿ, ಅದು ಮನೆ ತಲುಪಬೇಕು. ನೀವೂ ತಲುಪಬೇಕು. ಅಷ್ಟನ್ನು ಖಾತರಿಪಡಿಸುವ ಪರೀಕ್ಷೆಯನ್ನು ಸ್ವಾಗತಿಸೋಣ, ಮತ್ತು ಆ ಪರೀಕ್ಷೆಯ ನಂತರ ಯಾವ ಹಿರಿಯರೂ ಮನೆಯ ಜಗಲಿಯಲ್ಲಿ ಒಂಟಿಯಾಗದಂತೆ ನೋಡಿಕೊಳ್ಳೋಣ.